ಕನ್ನಡ ಸಂಘಕ್ಕೆ ಹೆಗಲು ಕೊಟ್ಟ ತಳುಕಿನ ವೆಂಕಣ್ಣಯ್ಯ

ಚಿತ್ರದುರ್ಗ: ನವೆಂಬರ್ ಬಂತೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜುಗಳಲ್ಲಿ ಕನ್ನಡ ಸಂಘಗಳ ಚಟುವಟಿಕೆ ಗರಿಗೆದರುತ್ತದೆ. ಆದರೆ ಕಾಲೇಜಿನ ಆವರಣದೊಳಗೆ ಕನ್ನಡ ಸಂಘವೊಂದನ್ನು ಕಟ್ಟುವುದೇ ಸಾಹಸವೆನಿಸಿದ್ದ ಕಾಲವೊಂದಿತ್ತು. ಆ ಸಾಹಸಕ್ಕೆ ಹೆಗಲು ಕೊಟ್ಟವರಲ್ಲಿ ಪ್ರಮುಖರೊಬ್ಬರು ನಮ್ಮ ಜಿಲ್ಲೆಯವರು. ಅವರೇ ಪ್ರೊ. ಟಿ.ಎಸ್. ವೆಂಕಣ್ಣಯ್ಯ.

ಹಿರಿಯೂರಿನಿಂದ ಚಳ್ಳಕೆರೆ ದಾಟಿ ಬಳ್ಳಾರಿಯತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಊರು ತಳುಕು. ಸುಬ್ಬಣ್ಣನವರ ಮಗನಾಗಿ ವೆಂಕಣ್ಣಯ್ಯನವರು ಜನಿಸಿದ್ದು 1885ರ ಅಕ್ಟೋಬರ್ 1ರಂದು. ವಿದ್ವಾಂಸ ತ.ಸು. ಶಾಮರಾಯರು ಇವರ ತಮ್ಮ. ‘ದುರ್ಗಾಸ್ತಮಾನ’ದ ಕರ್ತೃ ತ.ರಾ. ಸುಬ್ಬರಾಯರಿಗೆ ಇವರು ದೊಡ್ಡಪ್ಪ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನದ ಕೇಂದ್ರವಾಯಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ವಿದ್ಯಾವಂತರು ಕನ್ನಡದಲ್ಲಿ ಮಾತನಾಡಲು ಸಂಕೋಚಪಡುತ್ತಿದ್ದ ದಿನಗಳವು. ಅಂಥಲ್ಲಿ ಅಧ್ಯಾಪಕರಾಗಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿ ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ತ್ರೈಮಾಸಿಕ ಹೊರಬಂತು. ಎಳೆಯರ ಬರಹಕ್ಕೆ ಹಿರಿಯರ ಲೇಖನಗಳ ಪಕ್ಕದಲ್ಲೇ ಜಾಗ ದೊರೆಯಿತು. ಮುಂದೆ ಈ ಪತ್ರಿಕೆಯನ್ನು ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು.

ಆಗ ಬೆಂಗಳೂರಿನಲ್ಲಿ ಅಧ್ಯಾಪಕರಾಗಿದ್ದ ವೆಂಕಣ್ಣಯ್ಯನವರು ಶಾಸ್ತ್ರಿಗಳ ಜೀವದ ಗೆಳೆಯರು. ಈ ಜೋಡಿಯನ್ನು ಕನ್ನಡದ ಅಶ್ವಿನೀದೇವತೆಗಳೆಂದೇ ನಾಡು ಕರೆಯಿತು. ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಇಬ್ಬರೂ ಸೇರಿ ಬರೆದರು; ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಜೊತೆಯಾಗಿಯೇ ಸಂಗ್ರಹಿಸಿದರು.

ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂಬ ಗೌರವ ವೆಂಕಣ್ಣಯ್ಯನವರದು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಮೊದಲ ತಂಡದಲ್ಲಿದ್ದವರು ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್. ಕನ್ನಡ ಓದಿದವನಿಗೆ ಅನ್ನ ಹುಟ್ಟೀತೇ ಎಂಬ ಪ್ರಶ್ನೆ ಮನೆಮನೆಯಲ್ಲಿದ್ದ ಕಾಲದಲ್ಲಿ ಈ ತರುಣರಿಗೆ ಧೈರ್ಯ ತುಂಬಿದವರು ಈ ಗುರು. ಬೆಂಗಳೂರಿನಂತೆಯೇ ಮೈಸೂರಿನ ಕಾಲೇಜಿನಲ್ಲೂ ಕರ್ನಾಟಕ ಸಂಘ ಬೆಳೆಯಿತು; ವಿದ್ಯಾರ್ಥಿಗಳ ಕವನಗಳನ್ನು ‘ಕಿರಿಯ ಕಾಣಿಕೆ’ಯಂಥ ಸಂಕಲನಗಳಾಗಿ ಹೊರತಂದಿತು.

ಇದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಹರಿಹರನ ಬಸವರಾಜದೇವರ ರಗಳೆಯ ಸಂಪಾದನೆ, ರವೀಂದ್ರನಾಥ ಠಾಕೂರರ ಪ್ರಬಂಧಗಳ ಅನುವಾದ ‘ಪ್ರಾಚೀನ ಸಾಹಿತ್ಯ’ ಹಾಗೂ ಕೆಲವು ಲೇಖನಗಳನ್ನು ಬಿಟ್ಟರೆ ಅವರ ಪಾಂಡಿತ್ಯಕ್ಕೆ ತಕ್ಕಷ್ಟು ಗ್ರಂಥಗಳು ಹೊರಬರಲಿಲ್ಲ. ಹೊತ್ತೆಲ್ಲ ಶಿಷ್ಯರ ಪಾಲಾಗಿತ್ತು. ಬಡ ವಿದ್ಯಾರ್ಥಿಗಳಿಗೆ ಅವರ ಮನೆಯ ಬಾಗಿಲು ಸದಾ ತೆರೆದಿರುತ್ತಿತ್ತು. 1939ರ ಫೆಬ್ರುವರಿ 24ರಂದು ನಿಧನರಾದಾಗ ಅವರಿಗೆ 53 ವರ್ಷ.

ಬರೆಯದೆ ಉಳಿದ ಪುಸ್ತಕಗಳ ಲೆಕ್ಕವನ್ನು ಶಿಷ್ಯರು ತೀರಿಸಿದರು. ಗುರು ಅಗಲಿದ 10 ವರ್ಷಗಳ ಅನಂತರ, 1949ರಲ್ಲಿ, ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೇ. ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡದ ಮೊದಲ ಕೃತಿಯ ಮೊದಲ ಪುಟಗಳಲ್ಲಿ ತಳುಕಿನ ಮೇಷ್ಟ್ರ ಹೆಸರಿದೆ. ಮೈಸೂರಿನಲ್ಲಿ ಎಂ.ಎ. ಓದಿದ ಜಿ.ಪಿ. ರಾಜರತ್ನಂ ಮುಂದೆ ಸೆಂಟ್ರಲ್ ಕಾಲೇಜಿನ ಸಂಘದ ಹೊಣೆ ಹೊತ್ತು, ಹೊಸ ತಲೆಮಾರಿನ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿ ಪ್ರಕಟಿಸಿದರು.

ಸಂಘವೆಂದರೆ ವರ್ಷಕ್ಕೊಂದು ದಿನದ ಸಮಾರಂಭವಲ್ಲ, ವರ್ಷವಿಡೀ ಎಳೆಯರ ಬರಹವನ್ನು ಓದಿ ತಿದ್ದುವ ಕೆಲಸ ಎಂಬುದು ಆ ಹಿರಿಯರ ನಡೆಯಾಗಿತ್ತು. ಜಿಲ್ಲೆಯ ಕಾಲೇಜುಗಳ ಕನ್ನಡ ಸಂಘಗಳು ಮುಂದಿನ ನವೆಂಬರಿನಲ್ಲಿ ವೇದಿಕೆ ಸಿಂಗರಿಸುವಾಗ ತಳುಕಿನ ಈ ಮೇಷ್ಟ್ರನ್ನೊಮ್ಮೆ ನೆನೆದರೆ ಅದು ಅರ್ಥಪೂರ್ಣ.