ಮೈಕೆಲ್ ಸೊಮೋಗಿ

ಮೈಕೆಲ್ ಸೊಮೋಗಿ (ಮಾರ್ಚ್ 7, 1883 – ಜುಲೈ 21, 1971) ಹಂಗೇರಿ ಮೂಲದ ಅಮೆರಿಕನ್ ಜೀವರಸಾಯನಶಾಸ್ತ್ರಜ್ಞರು. ಇನ್ಸುಲಿನ್ ಚಿಕಿತ್ಸೆ ಪಡೆಯುತ್ತಿರುವ ಮಧುಮೇಹಿಗಳಲ್ಲಿ ಬೆಳಗಿನ ಹೊತ್ತು ಅನಿರೀಕ್ಷಿತವಾಗಿ ಏರಿ ಕಾಣುವ ಸಕ್ಕರೆಗೆ ಇನ್ಸುಲಿನ್ನಿನ ಕೊರತೆಯಲ್ಲ, ಅದರ ಅತಿ ಪ್ರಮಾಣವೇ ಕಾರಣವಾಗಿರಬಹುದು ಎಂಬ ವಿಚಾರವನ್ನು ಮಂಡಿಸಿದವರೆಂದು ಅವರು ಪ್ರಸಿದ್ಧರು. ಈ ವಿದ್ಯಮಾನಕ್ಕೆ ವೈದ್ಯಶಾಸ್ತ್ರದಲ್ಲಿ ಸೊಮೋಗಿ ಪರಿಣಾಮ ಎಂಬ ಹೆಸರಿದೆ. ರಕ್ತದಲ್ಲಿನ ಸಕ್ಕರೆ ಮತ್ತು ಅಮೈಲೇಸ್ ಕಿಣ್ವವನ್ನು ಅಳೆಯುವ ವಿಧಾನಗಳಿಗೂ ಅವರು ಮಹತ್ವದ ಕೊಡುಗೆ ನೀಡಿದ್ದಾರೆ.

ಜನನ ಮತ್ತು ಶಿಕ್ಷಣ

ಸೊಮೋಗಿ ಅವರು ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಝಾಮಾಂಡ್ ಎಂಬ ಹಳ್ಳಿಯಲ್ಲಿ ಜನಿಸಿದರು. ಈ ಊರು ಈಗ ಆಸ್ಟ್ರಿಯಾ ದೇಶದಲ್ಲಿದ್ದು ರೈನರ್ಸ್‌ಡಾರ್ಫ್ ಎಂದು ಕರೆಯಲ್ಪಡುತ್ತದೆ. ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ವ್ಯಾಸಂಗ ಮಾಡಿ 1905ರಲ್ಲಿ ಪದವಿ ಪಡೆದರು. ಮರುವರ್ಷ ಅಮೆರಿಕಕ್ಕೆ ತೆರಳಿದ ಅವರಿಗೆ ಮೊದಲಲ್ಲಿ ಉದ್ಯೋಗ ದೊರೆಯುವುದೇ ಕಷ್ಟವಾಯಿತು. ಬಳಿಕ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಸಹಾಯಕರಾಗಿ ಸೇರಿದರು. ಅಲ್ಲಿ ಫಿಲಿಪ್ ಶಾಫರ್ ಅವರೊಂದಿಗೆ ಆದ ಪರಿಚಯ ಮುಂದಿನ ಬದುಕಿನ ದಿಕ್ಕನ್ನೇ ಬದಲಿಸಿತು.

1908ರಲ್ಲಿ ಬುಡಾಪೆಸ್ಟ್‌ಗೆ ಮರಳಿ ನಗರಾಡಳಿತದ ಪ್ರಯೋಗಾಲಯದ ಮುಖ್ಯಸ್ಥರಾದರು. 1914ರಲ್ಲಿ ಡಾಕ್ಟರೇಟ್ ಪಡೆದರು. ಮೊದಲನೆಯ ಮಹಾಯುದ್ಧದ ನಂತರ ಶಾಫರ್ ಅವರ ಆಹ್ವಾನದ ಮೇರೆಗೆ ಮತ್ತೆ ಅಮೆರಿಕಕ್ಕೆ ಹೋಗಿ, ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೋಧಕರಾದರು.

ಇನ್ಸುಲಿನ್ ತಯಾರಿಕೆ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸಾರವನ್ನು ಪಡೆದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಲಾಯಿತು. ಅಲ್ಲಿಯವರೆಗೆ ಮಧುಮೇಹ ಪೀಡಿತ ಮಕ್ಕಳಿಗೆ ಇದ್ದ ಒಂದೇ ಉಪಾಯವೆಂದರೆ ಅರೆಹೊಟ್ಟೆಯ ಪಥ್ಯ. ಅದು ಸಾವನ್ನು ಕೆಲಕಾಲ ಮುಂದೂಡುತ್ತಿತ್ತೇ ಹೊರತು ತಪ್ಪಿಸುತ್ತಿರಲಿಲ್ಲ. ಇನ್ಸುಲಿನ್‌ಗೆ ಬೇಡಿಕೆ ಅಪಾರವಾಗಿತ್ತು, ತಯಾರಿಕೆ ಅತ್ಯಲ್ಪವಾಗಿತ್ತು, ಸಿದ್ಧಪಡಿಸಿದ ಸಾರದಲ್ಲಿ ಕಲ್ಮಶಗಳೂ ಇರುತ್ತಿದ್ದವು.

ಸೇಂಟ್ ಲೂಯಿಸ್‌ನಲ್ಲಿ ಶಾಫರ್, ಎಡ್ವರ್ಡ್ ಡಾಯ್ಸಿ ಮತ್ತು ಸೊಮೋಗಿ ಇನ್ಸುಲಿನ್ನಿನ ಶುದ್ಧೀಕರಣಕ್ಕೆ ತೊಡಗಿದರು. ದ್ರಾವಣದ ಆಮ್ಲೀಯತೆಯನ್ನು ಒಂದು ನಿರ್ದಿಷ್ಟ ಬಿಂದುವಿಗೆ ತಂದರೆ ಇನ್ಸುಲಿನ್ ತಾನಾಗಿ ಒತ್ತರಿಸಿ ಕೆಳಗಿಳಿಯುತ್ತದೆ ಎಂಬ ಗುಣವನ್ನು ಅವರು ಬಳಸಿಕೊಂಡರು. ಈ ತಂಡ ತಯಾರಿಸಿದ ಇನ್ಸುಲಿನ್ ಸ್ಥಳೀಯ ರೋಗಿಗಳ ಚಿಕಿತ್ಸೆಗೆ ನೆರವಾಯಿತು. ಅಮೆರಿಕದಲ್ಲಿ ಇನ್ಸುಲಿನ್ ಪಡೆದ ಮೊದಮೊದಲ ಮಕ್ಕಳಲ್ಲಿ 1922ರಲ್ಲಿ ಸೊಮೋಗಿ ಅವರ ತಯಾರಿಕೆಯಿಂದ ಉಪಚರಿಸಲ್ಪಟ್ಟ ಮಗುವೂ ಸೇರಿದೆ. ಡಾಯ್ಸಿ ಮುಂದೆ ಕೆ ಜೀವಸತ್ವದ ಸಂಶೋಧನೆಗಾಗಿ 1943ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

1926ರಲ್ಲಿ ಸೊಮೋಗಿ ಅವರು ಸೇಂಟ್ ಲೂಯಿಸ್‌ನ ಜ್ಯೂಯಿಶ್ ಆಸ್ಪತ್ರೆಯ ಪ್ರಥಮ ಜೀವರಸಾಯನಶಾಸ್ತ್ರಜ್ಞರಾಗಿ ನೇಮಕಗೊಂಡರು.

ಅಳತೆಯ ವಿಧಾನಗಳು

ಸೊಮೋಗಿ ವೈದ್ಯರಾಗಿರಲಿಲ್ಲ, ರಸಾಯನಶಾಸ್ತ್ರಜ್ಞರಾಗಿದ್ದರು. ರೋಗವನ್ನು ಕುರಿತು ಅವರು ಆಡಿದ ಮಾತಿಗೆ ಬಲ ಬಂದದ್ದು ಅಳತೆಯ ಮೇಲಿದ್ದ ಹಿಡಿತದಿಂದ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಫೋಲಿನ್-ವೂ ಮುಂತಾದ ವಿಧಾನಗಳು ತಾಮ್ರದ ಲವಣವನ್ನು ಅಪಕರ್ಷಿಸುವ ಗುಣವನ್ನು ನೋಡಿ ಸಕ್ಕರೆಯನ್ನು ಲೆಕ್ಕಹಾಕುತ್ತಿದ್ದವು. ಆದರೆ ರಕ್ತದಲ್ಲಿರುವ ಗ್ಲುಟಾಥಯೋನ್ ಮುಂತಾದ ಪದಾರ್ಥಗಳಿಗೂ ಅದೇ ಗುಣವಿದೆ. ಹೀಗಾಗಿ ಫಲಿತಾಂಶ ನಿಜವಾದ ಸಕ್ಕರೆಗಿಂತ ಹೆಚ್ಚಾಗಿ ಕಾಣುತ್ತಿತ್ತು. ಸೊಮೋಗಿ ಅವರು ಹುದುಗಿನಿಂದ ಗ್ಲೂಕೋಸನ್ನು ಪೂರ್ತಿಯಾಗಿ ತೆಗೆದುಹಾಕಿ, ಉಳಿದದ್ದನ್ನು ಅಳೆದು, 1927ರಲ್ಲಿ ನಿಜ ಸಕ್ಕರೆ ಮತ್ತು ಸಕ್ಕರೆಯಲ್ಲದ ಅಪಕರ್ಷಕಗಳ ನಡುವಿನ ವ್ಯತ್ಯಾಸವನ್ನು ಪ್ರಕಟಿಸಿದರು. ಸತುವಿನ ಲವಣವನ್ನು ಬಳಸಿ ರಕ್ತದ ಪ್ರೋಟೀನಿನೊಂದಿಗೆ ಈ ಅಡ್ಡ ಪದಾರ್ಥಗಳನ್ನೂ ಬೇರ್ಪಡಿಸುವ ಕ್ರಮವನ್ನು ರೂಪಿಸಿದರು.

ಅವರ ತಾಮ್ರದ ದ್ರಾವಣವನ್ನು ಆಧರಿಸಿ ನಾರ್ಟನ್ ನೆಲ್ಸನ್ 1944ರಲ್ಲಿ ಪ್ರಕಟಿಸಿದ ವಿಧಾನ ನೆಲ್ಸನ್-ಸೊಮೋಗಿ ವಿಧಾನವೆಂದು ಹೆಸರಾಗಿದ್ದು, ಆಹಾರ ಹಾಗೂ ಕೃಷಿ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ರಕ್ತದ ಅಮೈಲೇಸ್ ಪರೀಕ್ಷೆಯ ಹಳೆಯ ಮಾನವಾದ ಸೊಮೋಗಿ ಯೂನಿಟ್ ಕೂಡ ಅವರದೇ. ಮೇದೋಜೀರಕ ಗ್ರಂಥಿಯ ಉರಿಯೂತವನ್ನು ಗುರುತಿಸಲು ಈ ಪರೀಕ್ಷೆ ನೆರವಾಗುತ್ತದೆ.

ಸೊಮೋಗಿ ಪರಿಣಾಮ

1930ರ ದಶಕದಲ್ಲಿ ಬಹುತೇಕ ರೋಗಿಗಳ ಚಿಕಿತ್ಸೆ ಮೂತ್ರ ಪರೀಕ್ಷೆಯನ್ನು ಅವಲಂಬಿಸಿತ್ತು. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮಾತ್ರ ಅದು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೂತ್ರ ಪರೀಕ್ಷೆಯು ಏರಿದ ಸಕ್ಕರೆಯನ್ನು ತೋರಿಸಬಲ್ಲದು, ಕುಸಿದ ಸಕ್ಕರೆಯನ್ನು ತೋರಿಸಲಾರದು. ಬೆಳಿಗ್ಗೆ ಮೂತ್ರದಲ್ಲಿ ಸಕ್ಕರೆ ಕಂಡರೆ ಇನ್ಸುಲಿನ್ ಸಾಲದೆಂದು ತಿಳಿದು ಪ್ರಮಾಣ ಹೆಚ್ಚಿಸುವುದು ರೂಢಿಯಾಗಿತ್ತು. ಕೆಲವು ರೋಗಿಗಳಲ್ಲಿ ಹೀಗೆ ಹೆಚ್ಚಿಸಿದಷ್ಟೂ ಸಕ್ಕರೆ ಮತ್ತಷ್ಟು ಏರುಪೇರಾಗುತ್ತಿತ್ತು. ಇಂಥವರ ಕಾಯಿಲೆಯನ್ನು ಸ್ವಭಾವತಃ ಅಸ್ಥಿರವಾದುದೆಂದು ಭಾವಿಸಲಾಗುತ್ತಿತ್ತು.

ಸೊಮೋಗಿ ಇದನ್ನು ತಿರುಗಿಸಿ ನೋಡಿದರು. ಅತಿಯಾದ ಇನ್ಸುಲಿನ್‌ನಿಂದ ಸಕ್ಕರೆ ಕುಸಿದಾಗ ದೇಹವು ಗ್ಲುಕಗಾನ್, ಅಡ್ರಿನಲಿನ್, ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನುಗಳನ್ನು ಸ್ರವಿಸುತ್ತದೆ. ಇವುಗಳ ಪ್ರಭಾವದಿಂದ ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೈಕೋಜೆನನ್ನು ಕರಗಿಸಿ ರಕ್ತಕ್ಕೆ ಗ್ಲೂಕೋಸನ್ನು ಬಿಡುತ್ತದೆ. ರಾತ್ರಿ ನಿದ್ದೆಯಲ್ಲಿ ಕುಸಿತ ನಡೆದುಹೋಗಿ, ಬೆಳಿಗ್ಗೆ ಅದರ ಪ್ರತಿಕ್ರಿಯೆಯಾದ ಏರಿಕೆ ಮಾತ್ರ ಕಣ್ಣಿಗೆ ಬೀಳುತ್ತದೆ ಎಂಬುದು ಅವರ ವಾದ. 1938ರಲ್ಲಿ ಮೊದಲು ಪ್ರಕಟಿಸಿದ ಈ ವಿಚಾರವನ್ನು 1959ರ ಒಂದು ವಿಸ್ತೃತ ಲೇಖನದಲ್ಲಿ ಮತ್ತೆ ಪ್ರತಿಪಾದಿಸಿದರು. ಇಂಥ ರೋಗಿಗಳಲ್ಲಿ ಇನ್ಸುಲಿನ್ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಬೇಕು ಎಂಬುದು ಅವರ ಸಲಹೆಯಾಗಿತ್ತು. ಸಕ್ಕರೆ ಹೆಚ್ಚಿರುವವನಿಗೆ ಔಷಧ ಕಡಿಮೆ ಮಾಡಬೇಕೆಂಬ ಮಾತು ಆ ಕಾಲದ ವೈದ್ಯರಿಗೆ ತಲೆಕೆಳಗಾದ ತರ್ಕದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಗ್ಲೈಕೋಜೆನ್ ಮತ್ತು ಗ್ಲೂಕೋಸ್‌ಗಳ ಪರಿವರ್ತನೆಯನ್ನು ವಿವರಿಸಿ 1947ರಲ್ಲಿ ನೊಬೆಲ್ ಪಡೆದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳು 1931ರಿಂದ ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದರು ಎಂಬುದು ಇಲ್ಲಿ ಗಮನಾರ್ಹ.

ವಿಮರ್ಶೆ

1980ರ ದಶಕದಿಂದ ಈಚೆಗೆ, ರಾತ್ರಿಯಿಡೀ ರಕ್ತ ಪರೀಕ್ಷಿಸಿ ನಡೆಸಿದ ಅಧ್ಯಯನಗಳು ಸೊಮೋಗಿ ಅವರ ವಾದವನ್ನು ಪ್ರಶ್ನಿಸಿವೆ. ರಾತ್ರಿ ಸಕ್ಕರೆ ಕುಸಿದವರಲ್ಲಿ ಹಲವರಿಗೆ ಬೆಳಿಗ್ಗೆಯೂ ಅದು ಕಡಿಮೆಯೇ ಇರುತ್ತದೆ ಎಂದು ಕಂಡುಬಂದಿತು. ಬೆಳಗಿನ ಜಾವ ಬೆಳವಣಿಗೆಯ ಹಾರ್ಮೋನು ಮುಂತಾದವುಗಳ ಪ್ರಭಾವದಿಂದ, ಹಿಂದೆ ಯಾವ ಕುಸಿತವೂ ಇಲ್ಲದೆ, ಸಕ್ಕರೆ ಏರುವುದುಂಟು. 1980ರ ದಶಕದ ಆರಂಭದಲ್ಲಿ ವಿವರಿಸಲ್ಪಟ್ಟ ಇದನ್ನು ಮುಂಜಾವಿನ ವಿದ್ಯಮಾನ ಎನ್ನುತ್ತಾರೆ. ಸಂಜೆ ಪಡೆದ ಇನ್ಸುಲಿನ್ನಿನ ಪ್ರಭಾವ ಬೆಳಗಿನೊಳಗೆ ತೀರಿಹೋಗುವುದು ಇನ್ನೊಂದು ಸಾಮಾನ್ಯ ಕಾರಣ. ಸೊಮೋಗಿ ಹೇಳಿದ ಪ್ರತಿಕ್ರಿಯೆ ಅವರು ಭಾವಿಸಿದಷ್ಟು ವ್ಯಾಪಕವಲ್ಲ ಎಂಬುದು ಈಗಿನ ಸಾಮಾನ್ಯ ಅಭಿಪ್ರಾಯ. ಹಾಗಿದ್ದರೂ, ಏರಿದ ಒಂದೇ ಅಂಕಿಯನ್ನು ನೋಡಿ ಇನ್ಸುಲಿನ್ ಹೆಚ್ಚಿಸಬಾರದೆಂಬ ಅವರ ಎಚ್ಚರಿಕೆ ಬಿದ್ದುಹೋಗಿಲ್ಲ.

ಇಂದಿನ ಚಿಕಿತ್ಸೆಯಲ್ಲಿ

ಖಾಲಿ ಹೊಟ್ಟೆಯ ಸಕ್ಕರೆ ಕಾರಣ ತಿಳಿಯದೆ ಏರುತ್ತಿದ್ದರೆ, ಕೆಲವು ದಿನ ಮಲಗುವ ಮುನ್ನ, ರಾತ್ರಿ 2ರಿಂದ 3 ಗಂಟೆಯ ನಡುವೆ ಮತ್ತು ಎದ್ದ ಕೂಡಲೇ ಪರೀಕ್ಷಿಸಿ ಬರೆದಿಡಲು ವೈದ್ಯರು ಸೂಚಿಸುತ್ತಾರೆ. ನಡುರಾತ್ರಿಯ ಅಂಕಿ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ರಾತ್ರಿಯ ಇನ್ಸುಲಿನ್ ತಗ್ಗಿಸುವುದು ಇಲ್ಲವೇ ಅದರ ವೇಳೆ ಬದಲಿಸುವುದು ಪರಿಗಣನೆಗೆ ಬರುತ್ತದೆ. ಅದು ಸಹಜವಾಗಿದ್ದು ಬೆಳಿಗ್ಗೆ ಏರಿದ್ದರೆ ಮುಂಜಾವಿನ ವಿದ್ಯಮಾನವನ್ನು ಶಂಕಿಸಲಾಗುತ್ತದೆ. ರಾತ್ರಿಯುದ್ದಕ್ಕೂ ಏರಿಯೇ ಇದ್ದರೆ ಔಷಧ ಸಾಲದೆಂದೋ ರಾತ್ರಿಯೂಟ ಹೆಚ್ಚಾಯಿತೆಂದೋ ಅರ್ಥ. ಬೆವರಿನಿಂದ ತೊಯ್ದ ಹಾಸಿಗೆ, ಕೆಟ್ಟ ಕನಸು, ಬೆಳಗಿನ ತಲೆನೋವು ರಾತ್ರಿ ಸಕ್ಕರೆ ಕುಸಿದುದರ ಸುಳಿವುಗಳು. ಜ್ವರ ಅಥವಾ ಸೋಂಕು, ಸ್ಟೀರಾಯ್ಡ್ ಔಷಧ, ಬಿಸಿಲಿಗೆ ಕೆಟ್ಟ ಇನ್ಸುಲಿನ್, ಒಂದೇ ಜಾಗದಲ್ಲಿ ಚುಚ್ಚಿ ಗಂಟುಗಟ್ಟಿದ ಚರ್ಮ, ಹಣ್ಣು ಮುಟ್ಟಿ ತೊಳೆಯದ ಬೆರಳು ಇವೆಲ್ಲವೂ ಅಂಕಿಯನ್ನು ಏರಿಸಬಲ್ಲವು. ಏರಿದ ಸಕ್ಕರೆಯೊಂದಿಗೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಬೇಕು.

ಭಾರತದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಯ ಇನ್ಸುಲಿನ್ ದೊರೆಯುತ್ತದೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ತೆಗೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ದೇಹ ಸೇರುತ್ತದೆ. ಹಾಗೆಯೇ ಇಡೀ ದಿನದ ದೈಹಿಕ ದುಡಿಮೆಯ ನಂತರ ಸಕ್ಕರೆ ಅಂದಿನ ರಾತ್ರಿ ಕುಸಿಯುವ ಸಂಭವ ಹೆಚ್ಚು. ಬೆಳಗಾವಿ ಜಿಲ್ಲೆಯ ಚಚಡಿಯಂತಹ ಕೃಷಿಕರ ಊರುಗಳಲ್ಲಿ ಬಿತ್ತನೆ ಮತ್ತು ಸುಗ್ಗಿಯ ದಿನಗಳ ದುಡಿಮೆ ಉಳಿದ ದಿನಗಳಂತಿರುವುದಿಲ್ಲ. ವರ್ಷವಿಡೀ ಒಂದೇ ಪ್ರಮಾಣದ ಇನ್ಸುಲಿನ್ ಪಡೆಯುವ ರೈತರು ಈ ವ್ಯತ್ಯಾಸವನ್ನು ವೈದ್ಯರ ಗಮನಕ್ಕೆ ತರುವುದು ಅಗತ್ಯ.

ನಿಧನ

ಸೊಮೋಗಿ ಅವರು 1971ರ ಜುಲೈ 21ರಂದು ತಮ್ಮ 88ನೆಯ ವಯಸ್ಸಿನಲ್ಲಿ ನಿಧನರಾದರು. ರೋಗಿಗಳು ಮನೆಯಲ್ಲಿಯೇ ಬೆರಳ ತುದಿಯ ರಕ್ತದಿಂದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವ ಪದ್ಧತಿ ಬಳಕೆಗೆ ಬಂದದ್ದು ಅದೇ ದಶಕದ ಕೊನೆಯ ವರ್ಷಗಳಲ್ಲಿ.