ಗವರ್ನರಾದ ಪ್ರಾಧ್ಯಾಪಕರು

ಅಮೆರಿಕದ ವರ್ಜೀನಿಯಾದಲ್ಲಿ 1856ರಲ್ಲಿ ಜನಿಸಿದ ವುಡ್ರೋ ವಿಲ್ಸನ್ನರು ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದು, 1902ರಲ್ಲಿ ಆ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. 1910ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಡೆಮೊಕ್ರಾಟಿಕ್ ಪಕ್ಷದ ಸೂತ್ರಧಾರನಾದ ಜೇಮ್ಸ್ ಸ್ಮಿತ್ ಅವರನ್ನು ಗವರ್ನರ್ ಪದವಿಗೆ ನಿಲ್ಲಿಸಿದನು. ಪಾಠ ಹೇಳುವ ಮೇಷ್ಟರು, ಹೇಳಿದಂತೆ ಕೇಳಿಯಾರೆಂದು ಅವನ ಎಣಿಕೆ. ವಿಲ್ಸನ್ನರಾದರೋ ತಾವು ಯಾರ ಹಂಗಿನಲ್ಲೂ ಇಲ್ಲವೆಂದು ಸಾರಿ, ಸುಮಾರು 49,000 ಮತಗಳ ಅಂತರದಿಂದ ಗೆದ್ದರು.

ಆಗ ಸ್ಮಿತ್ ಸೆನೆಟ್ ಸ್ಥಾನವನ್ನು ಬಯಸಿದನು. ಆ ಕಾಲದಲ್ಲಿ ಸೆನೆಟರನ್ನು ಆರಿಸುತ್ತಿದ್ದುದು ಶಾಸನಸಭೆ. ಆದರೆ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಜನರು ಒಪ್ಪಿದ್ದುದು ಜೇಮ್ಸ್ ಮಾರ್ಟೀನನನ್ನು. ಆತನ ಯೋಗ್ಯತೆಯ ಬಗ್ಗೆ ವಿಲ್ಸನ್ನರಿಗೂ ಅಷ್ಟೇನೂ ಗೌರವವಿರಲಿಲ್ಲ! ಆದರೂ ಮತದಾರರ ತೀರ್ಪೇ ನಡೆಯಬೇಕೆಂದು ಪಟ್ಟುಹಿಡಿದು, ತಮ್ಮನ್ನು ಮೇಲೆತ್ತಿದವನನ್ನೇ ಬಹಿರಂಗವಾಗಿ ಎದುರಿಸಿದರು. 1911ರ ಜನವರಿಯಲ್ಲಿ ಮಾರ್ಟೀನನೇ ಆರಿಸಿಬಂದನು. ಮರುವರ್ಷ ವಿಲ್ಸನ್ನರು ರಾಷ್ಟ್ರಾಧ್ಯಕ್ಷರಾಗಿ ಚುನಾಯಿತರಾದರು, 1924ರಲ್ಲಿ ತೀರಿಕೊಂಡರು.