ಗಾಳಿಯ ತಕ್ಕಡಿಯನ್ನು ಕಂಡ ಗಣಿತಜ್ಞ: ಸರ್ ಗಿಲ್ಬರ್ಟ್ ವಾಕರ್

ಜೂನ್ ತಿಂಗಳು ಬಂದಿತೆಂದರೆ ಮುಂಬಯಿಯ ನಾವೆಲ್ಲರೂ ಮುಗಿಲಿನತ್ತ ಮುಖವೆತ್ತಿ ನಿಲ್ಲುತ್ತೇವೆ. ಮಳೆಗಾಳಿ ಕೈಕೊಟ್ಟರೆ ನಾಡಿನ ಗತಿಯೇನೆಂಬುದನ್ನು 1899ರ ಅನಾವೃಷ್ಟಿಯು ನಮ್ಮ ಹಿರಿಯರಿಗೆ ಕಲಿಸಿತ್ತು. ಆ ಗಾಳಿಯ ನಡೆಯನ್ನು ಮುಂಚಿತವಾಗಿ ಅರಿಯಲು ಹೊರಟು, ದೂರದ ಧ್ರುವಪ್ರದೇಶಗಳ ಶೀತೋಷ್ಣಗಳ ಮರ್ಮವೊಂದನ್ನೂ ತೋರಿಸಿಕೊಟ್ಟ ಮಹನೀಯರು ಸರ್ ಗಿಲ್ಬರ್ಟ್ ವಾಕರ್.

ವಾಕರರು 1868ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಜನಿಸಿದರು. 1889ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಎಸೆದವನ ಬಳಿಗೇ ಮರಳಿ ಬರುವ ಬೂಮರಾಂಗಿನ ಹಾರಾಟವನ್ನು ಗಣಿತದಿಂದ ವಿವರಿಸುವುದೆಂದರೆ ಅವರಿಗೆ ಬಲು ಪ್ರೀತಿ. ಹವಾಶಾಸ್ತ್ರದಲ್ಲಿ ಪಳಗಿದವರಲ್ಲದಿದ್ದರೂ 1904ರಲ್ಲಿ ಭಾರತದ ಹವಾ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿ ಸಿಮ್ಲಾದಲ್ಲಿ ಅಧಿಕಾರ ವಹಿಸಿಕೊಂಡರು.

ಗಾಳಿಯ ಜಟಿಲ ಚಲನೆಯನ್ನು ಅಂದಿನ ಸೂತ್ರಗಳಿಂದ ಬಿಡಿಸಲಾಗದೆಂದು ಕಂಡು, ಅವರು ಅಂಕಿಗಳ ದಾರಿಯನ್ನು ಹಿಡಿದರು. ಜಗತ್ತಿನ ನಾನಾ ಕಡೆಗಳ ವಾಯುಭಾರ, ಉಷ್ಣತೆ, ಮಳೆಗಳ ದಾಖಲೆಗಳನ್ನು ಕೂಡಿಹಾಕಿದರು. ಒಂದೆಡೆಯ ಏರಿಳಿತಕ್ಕೂ ಇನ್ನೊಂದೆಡೆಯ ಏರಿಳಿತಕ್ಕೂ ನಂಟುಂಟೇ ಎಂದು ಭಾರತೀಯ ಗುಮಾಸ್ತರ ನೆರವಿನಿಂದ ಲೆಕ್ಕಹಾಕಿಸಿದರು. ಗಣಕಯಂತ್ರವಿಲ್ಲದ ಆ ದಿನಗಳಲ್ಲಿ ಇದೊಂದು ತಪಸ್ಸೇ ಸರಿ. ಈ ನಡುವೆ, 1913ರಲ್ಲಿ, ಮದರಾಸಿನಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ ಅವರ ಗಣಿತವನ್ನು ನೋಡಿ, ಅವರಿಗೆ ವಿದ್ಯಾರ್ಥಿವೇತನ ದೊರೆಯುವಂತೆ ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಿದವರೂ ಇವರೇ.

ಲೆಕ್ಕಗಳ ರಾಶಿಯೊಳಗಿಂದ ಮೂರು ದೊಡ್ಡ ತಕ್ಕಡಿಗಳು ಗೋಚರಿಸಿದವು. ಒಂದು ಪೆಸಿಫಿಕ್ ಹಾಗೂ ಹಿಂದೂ ಸಾಗರಗಳ ನಡುವಿನದು, ಇನ್ನೊಂದು ಉತ್ತರ ಪೆಸಿಫಿಕ್ಕಿನದು, ಮತ್ತೊಂದು ಉತ್ತರ ಅಟ್ಲಾಂಟಿಕ್ಕಿನದು. ಈ ಮೂರನೆಯದನ್ನು ಗಮನಿಸೋಣ. ಚಳಿಗಾಲದಲ್ಲಿ ಐಸ್‌ಲೆಂಡಿನ ಬಳಿ ವಾಯುಭಾರ ಕುಗ್ಗಿ, ಅಜೋರ್ಸ್ ದ್ವೀಪಗಳ ಬಳಿ ಹಿಗ್ಗಿದರೆ, ಪಡುವಣ ಗಾಳಿ ಬಲಗೊಂಡು ಸಾಗರದ ಬಿಸುಪನ್ನು ಉತ್ತರ ಯೂರೋಪಿಗೆ ಹೊತ್ತೊಯ್ಯುತ್ತದೆ. ಆಗ ಪಶ್ಚಿಮ ಗ್ರೀನ್‌ಲೆಂಡಿನ ಮೇಲೆ ಉತ್ತರದ ಶೀತಗಾಳಿ ಬೀಸುತ್ತದೆ. ಆ ಅಂತರ ತಗ್ಗಿದರೆ ಯೂರೋಪು ನಡುಗುತ್ತದೆ, ಗ್ರೀನ್‌ಲೆಂಡ್ ಬೆಚ್ಚಗಾಗುತ್ತದೆ.

ಇಂದು ಭೂಮಿಯೆಲ್ಲ ಬಿಸಿಯಾಗುತ್ತಿರುವುದಕ್ಕೆ ಮೂಲಕಾರಣ ಮನುಷ್ಯನು ಹೊರಸೂಸುವ ಇಂಗಾಲದ ಅನಿಲಗಳು. ಆದರೆ ಆ ಬಿಸಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದರಲ್ಲಿ ಗಾಳಿಯ ಪಾಲೂ ಉಂಟು. 2012ರ ಜುಲೈಯಲ್ಲಿ ಗ್ರೀನ್‌ಲೆಂಡಿನ ಮೇಲೆ ಅಧಿಕ ವಾಯುಭಾರ ನೆಲೆನಿಂತು ಬೆಚ್ಚನೆಯ ಗಾಳಿ ಹರಿದುಬಂದಾಗ, ಅಲ್ಲಿನ ಹಿಮದ ಮೇಲ್ಮೈ ಬಹುತೇಕ ಪೂರ್ಣವಾಗಿ ನೀರೊಡೆಯಿತು. ದಕ್ಷಿಣದಲ್ಲಿಯೂ ಪಡುವಣ ಗಾಳಿ ಬಲಗೊಂಡು ಅಂಟಾರ್ಕ್ಟಿಕ ಪರ್ಯಾಯದ್ವೀಪದ ಬೆಟ್ಟಗಳನ್ನು ದಾಟಿ, ಮೂಡಣ ಇಳಿಜಾರಿನಲ್ಲಿ ಒಣಗಿ ಬಿಸಿಯಾಗಿ ಇಳಿದು ಹಿಮವನ್ನು ಕರಗಿಸುತ್ತದೆ. 2002ರಲ್ಲಿ ಅಲ್ಲಿಯ ಲಾರ್ಸೆನ್-ಬಿ ಹಿಮಫಲಕ ಒಡೆದು ಚೂರಾದುದಕ್ಕೆ ಇದೂ ಒಂದು ಕಾರಣ.

ವಾಕರರ ಮಳೆಯ ಮುನ್ಸೂಚನೆ ಅವರು ಬಯಸಿದಷ್ಟು ಖಚಿತವಾಗಲೇ ಇಲ್ಲ. 1924ರಲ್ಲಿ ಸರ್ ಪದವಿ ಪಡೆದು ಸ್ವದೇಶಕ್ಕೆ ಹಿಂದಿರುಗಿ, ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು. 1958ರಲ್ಲಿ ಕಾಲವಾದರು. ಅವರು ಕಂಡ ನಂಟುಗಳಿಗೆ ಕಾರಣವೇನೆಂದು ಕೇಳಿ ಅನುಮಾನಿಸಿದವರಿದ್ದರು. 1969ರಲ್ಲಿ ಯಾಕೋಬ್ ಬ್ಯೆರ್ಕ್ನೆಸ್ ಅವರು ಪೆಸಿಫಿಕ್ ತಕ್ಕಡಿಯ ಕಾರಣವನ್ನು ವಿವರಿಸಿ, ಅಲ್ಲಿಯ ಗಾಳಿಯ ಸುತ್ತಿಗೆ ವಾಕರರ ಹೆಸರನ್ನೇ ಇಟ್ಟರು.

ಬಿತ್ತಿದವನೇ ಉಣ್ಣಬೇಕೆಂಬ ನಿಯಮ ವಿದ್ಯೆಯಲ್ಲಿಲ್ಲ. ಅರಸಿದ್ದು ಸಿಗದಿದ್ದರೂ ಸಿಕ್ಕಿದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ, ಅದು ಮುಂದಿನವರಿಗೆ ಬುತ್ತಿಯಾಗುತ್ತದೆ. ವಿದ್ಯಾರ್ಥಿಗಳಾದ ನಾವು ಈ ಬಾಳಿನಿಂದ ಕಲಿಯಬೇಕಾದುದು ಇದನ್ನೇ.